ಹೂಟರ್ ಕೇಳಿಸಿಕೊಂಡವಳು

ನಮ್ಮ ಮನೆಯವರು ಸಬ್‌ಸ್ಟೇಷನ್ನಿನ ಆಪರೇಟರು. ಹೂಟರ್ ಕೂಗಿದಾಗ ಓಡಿಹೋಗಿ ಗುಂಡಿ ಒತ್ತುವುದು ಅವರ ಕೆಲಸದ ಮೊದಲನೇ ಪಾಠ. ಆದರೆ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಈಗ ಹೇಳಿದರೆ ಯಾರು ಏನು ಮಾಡಿಯಾರು, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ: ಅವರ ಪಾಲಿನ ಹೂಟರನ್ನು ಅಷ್ಟೂ ವರ್ಷ ಕೇಳಿಸಿಕೊಂಡವಳು ನಾನು.

ಸಂಡೂರಿಗೂ ಯಶವಂತನಗರಕ್ಕೂ ನಡುವೆ ಒಂದು ಗಣಿ ಕಂಪನಿಯ ಸ್ವಂತ ಸಬ್‌ಸ್ಟೇಷನ್ ಇತ್ತು. ಸರಕಾರದ ಲೈನು ಅಲ್ಲಿಗೆ ಬಂದು, ದೊಡ್ಡ ಟ್ರಾನ್ಸ್‌ಫಾರ್ಮರಿನಲ್ಲಿ ಇಳಿದು, ಕ್ರಷರಿಗೆ, ಪಂಪುಗಳಿಗೆ, ವರ್ಕ್‌ಶಾಪಿಗೆ, ನಮ್ಮ ಕಾಲನಿಗೆ ಹಂಚಿಹೋಗುತ್ತಿತ್ತು. ಕಾಲನಿಯ ಕೊನೆಯ ಕ್ವಾರ್ಟರ್ಸ್ ನಮ್ಮದು. ಹಿತ್ತಲ ಬಾಗಿಲು ತೆರೆದರೆ ತಂತಿ ಬೇಲಿ, ಬೇಲಿಯಲ್ಲಿ ಒಂದು ಸಣ್ಣ ಗೇಟು, ಗೇಟಿನಾಚೆ ಟ್ರಾನ್ಸ್‌ಫಾರ್ಮರ್ ನಿಲ್ಲಿಸಿದ ಯಾರ್ಡು. ನಾನು ಕಂಪ್ಲಿಯ ಹೆಣ್ಣು. ಕಾಲುವೆ ನೀರು, ಭತ್ತದ ಗದ್ದೆ, ಬಾಳೆ ತೋಟ ಕಂಡವಳು. ಮದುವೆಯಾಗಿ ಬಂದ ಹೊಸದರಲ್ಲಿ, ಒಗೆದು ಹಾಕಿದ ಬಿಳೀ ಧೋತರ ಒಣಗುವಷ್ಟರಲ್ಲಿ ಕೆಂಪಾಗುವುದನ್ನು ನೋಡಿ ಕೂತು ಅತ್ತಿದ್ದೇನೆ. ಆಮೇಲೆ ಬಿಳೀ ಬಟ್ಟೆ ಕೊಳ್ಳುವುದನ್ನೇ ಬಿಟ್ಟೆ.

ಅವರ ಕಿವಿ ತಿಂದದ್ದು ಕ್ರಷರು. ಸಬ್‌ಸ್ಟೇಷನ್ನಿಗೆ ಬರುವ ಮೊದಲು ಕ್ರಷರಿನ ಮೋಟಾರುಗಳ ಪಕ್ಕ ದುಡಿದಿದ್ದರು. ಕಲ್ಲು ಒಡೆಯುವ ಆ ಸದ್ದಿನಲ್ಲಿ ಕಿವಿ ಸ್ವಲ್ಪ ಸ್ವಲ್ಪವಾಗಿ ಹೋಗಿತ್ತು. ಮೊದಮೊದಲು ನಾನು ಕರೆದರೆ ತಿರುಗುತ್ತಿರಲಿಲ್ಲ. ಗಂಡಸರ ಸೊಕ್ಕು ಅಂದುಕೊಂಡು ಜಗಳ ತೆಗೆಯುತ್ತಿದ್ದೆ. ಒಂದು ದಿನ ಬೆನ್ನ ಹಿಂದೆ ಹಿತ್ತಾಳೆ ಕೊಡ ಜಾರಿ ಬಿದ್ದಿತು. ಅವರು ಅಲುಗಲಿಲ್ಲ. ಆಗ ನನಗೆ ತಿಳಿಯಿತು.

ಹಂಪಿಗೆ ಹೋಗಿಬರುತ್ತೇವೆಂದು ಕಾಲನಿಯಲ್ಲಿ ಹೇಳಿ, ಹೊಸಪೇಟೆಯ ಕಿವಿ ಡಾಕ್ಟರ ಹತ್ತಿರ ಹೋದೆವು. ಹೇಳಿದ್ದು ಸುಳ್ಳಾಗಬಾರದೆಂದು ಆಮೇಲೆ ಹಂಪಿಗೂ ಹೋಗಿ ಕೈಮುಗಿದು ಬಂದೆವು. ನರವೇ ಸತ್ತಿದೆ, ಔಷಧಿಯಿಲ್ಲ, ಬೇಕಾದರೆ ಮಿಷನ್ನು ಹಾಕಿಕೊಳ್ಳಿ ಎಂದರು ಡಾಕ್ಟರು. ಆಗಿನ ಮಿಷನ್ನೆಂದರೆ ಅಂಗಿಯ ಕಿಸೆಯಲ್ಲೊಂದು ಡಬ್ಬಿ, ಅದರಿಂದ ಕಿವಿಗೆ ವೈರು.

"ಇದನ್ನ ಹಾಕ್ಕೊಂಡು ಡ್ಯೂಟಿಗೆ ಹೋದ್ರ ಆವತ್ತೇ ಮನೀಗೆ ಕಳಸ್ತಾರ," ಎಂದರು ಇವರು, ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಇಡೀ ಹೊಸಪೇಟೆಗೆ ಕೇಳುವ ದನಿಯಲ್ಲಿ. ಕಿವಿ ಹೋದವರಿಗೆ ತಮ್ಮ ದನಿಯ ಅಳತೆ ಎಲ್ಲಿ ತಿಳಿಯಬೇಕು? ನಾನು ಅವರ ಕೈ ಹಿಸುಕಿ ಸುಮ್ಮನಿರಿಸಿದೆ. ಆ ಕೆಲಸವೊಂದನ್ನು ಬಿಟ್ಟು ಅವರಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ನೌಕರಿ ಹೋದರೆ ಕ್ವಾರ್ಟರ್ಸೂ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಮನುಷ್ಯ ಖಾಲಿ ಕೂತರೆ ಬದುಕುವವರಲ್ಲ.

ಕಂಟ್ರೋಲ್ ರೂಮಿನ ಸಂಗತಿಯೆಲ್ಲ ನನಗೆ ಬಾಯಿಪಾಠ. ಒಂದು ಗೋಡೆಯ ಉದ್ದಕ್ಕೂ ಪ್ಯಾನೆಲ್. ಅದರ ಗಾಜಿನ ಡಬ್ಬಿಗಳೊಳಗೆ ರಿಲೇಗಳು ಕೂತಿರುತ್ತಿದ್ದವು. ಹೊರಗಿನ ಲೈನಿನಲ್ಲಿ ಹರಿಯುವ ಕರೆಂಟಿನ ಒಂದು ಚಿಟಿಕೆ ಪಾಲು ಸದಾ ಅವಕ್ಕೆ ಬರುತ್ತಿತ್ತು, ಅನ್ನ ಬೆಂದಿದೆಯೋ ಇಲ್ಲವೋ ಎಂದು ಒಂದು ಅಗುಳು ಹಿಚುಕಿ ನೋಡುತ್ತೇವಲ್ಲ, ಹಾಗೆ. ಕರೆಂಟು ಗೊತ್ತುಮಾಡಿದ ಮಿತಿ ದಾಟಿತೋ, ರಿಲೇಯೊಳಗೆ ಒಂದು ಸಣ್ಣ ಕೆಂಪು ಬಾವುಟ ಕೆಳಗೆ ಬೀಳುತ್ತಿತ್ತು. ಪ್ಯಾನೆಲಿನ ಮೇಲಿನ ಸಾಲಿನ ಪುಟ್ಟ ಗಾಜಿನ ಕಿಟಕಿಗಳಲ್ಲಿ ಯಾವ ಲೈನಿಗೆ ಏನಾಗಿದೆಯೆಂದು ಬರೆದ ಒಂದು ಕಿಟಕಿಯ ದೀಪ ಹತ್ತಿ ಆರಿ ಮಾಡುತ್ತಿತ್ತು. ಜೊತೆಗೆ ಹೂಟರ್ ಬಡಿದುಕೊಳ್ಳುತ್ತಿತ್ತು. ಆಪರೇಟರು ಬಂದು 'ಅಕ್ಸೆಪ್ಟ್' ಗುಂಡಿ ಒತ್ತಿದರೆ ಹೂಟರ್ ನಿಂತು, ದೀಪ ಮಿಣುಕುವುದನ್ನು ಬಿಟ್ಟು ಸುಮ್ಮನೆ ಉರಿಯುತ್ತಿತ್ತು. ನೋಡಿದೆನಪ್ಪಾ, ತಿಳಿಯಿತು ಎಂದು ಹೇಳಿದ ಹಾಗೆ. ಕೆಟ್ಟದ್ದು ಸರಿಯಾದ ಮೇಲೆ 'ರೀಸೆಟ್' ಒತ್ತಿದರೆ ದೀಪ ಆರುತ್ತಿತ್ತು. ಆಮೇಲೆ ಗಂಟೆ ನಿಮಿಷ ಹಾಕಿ ಪುಸ್ತಕದಲ್ಲಿ ಬರೆಯಬೇಕು.

ರಾತ್ರಿ ಪಾಳಿ ಅಷ್ಟು ಕಷ್ಟವಿರಲಿಲ್ಲ. ಪ್ಯಾನೆಲ್ ಮುಂದೆ ಕಣ್ಣು ಕೀಲಿಸಿ ಕೂತರೆ ಕತ್ತಲಲ್ಲಿ ದೀಪ ಚೆನ್ನಾಗಿ ಕಾಣುತ್ತಿತ್ತು. ಕಷ್ಟವೆಲ್ಲ ಹಗಲಿನದು. ಆಗ ಯಾರ್ಡಿಗೆ ಹೋಗಿ ಟ್ರಾನ್ಸ್‌ಫಾರ್ಮರಿನ ಎಣ್ಣೆ ನೋಡಬೇಕು, ಬ್ಯಾಟರಿಗಳಿಗೆ ನೀರು ಹಾಕಬೇಕು. ಹೊರಗಿದ್ದವರಿಗೆ ಹೂಟರೇ ಗತಿ. ಅದಕ್ಕೆ ನಾವಿಬ್ಬರೂ ಒಂದು ಉಪಾಯ ಕಂಡುಕೊಂಡೆವು. ಅಡುಗೆಮನೆಯಲ್ಲಿ ನನಗೆ ಹೂಟರ್ ಕೇಳಿಸಿದ ಕೂಡಲೇ ಹಿತ್ತಲಿಗೆ ಬಂದು, ಸಣ್ಣ ಗೇಟಿನಲ್ಲಿ ತಲೆಯ ಮೇಲೆ ಸೆರಗು ಹೊದ್ದು ನಿಲ್ಲುವುದು. ಅವರು ಎಲ್ಲಿದ್ದರೂ ಗಳಿಗೆ ಗಳಿಗೆಗೂ ಗೇಟಿನ ಕಡೆ ನೋಡುತ್ತಿದ್ದರು. ಸೆರಗು ಕಂಡರೆ ಕಂಟ್ರೋಲ್ ರೂಮಿಗೆ ಓಡುತ್ತಿದ್ದರು. ಅವರು ಒಳಗೆ ಹೋದ ಮೇಲೆ ನಾನು ಸೆರಗು ಇಳಿಸಿ ಒಲೆಗೆ ವಾಪಸು.

ಕಾಲನಿಯವರ ಬಾಯಿ ಸುಮ್ಮನಿದ್ದೀತೇ? "ಏನ್ ಅಕ್ಕಾರ, ಗಂಡನ್ನ ನೋಡದ ಒಂದು ತಾಸು ಇರಾಕ ಆಗಂಗಿಲ್ಲೇನು?" ಎಂದು ನಲ್ಲಿಯ ಹತ್ತಿರ ಹೆಂಗಸರು ಕಿಚಾಯಿಸುತ್ತಿದ್ದರು. "ಆಗಂಗಿಲ್ಲವಾ, ಏನ್ ಮಾಡ್ಲಿ, ಅಷ್ಟು ಚಂದ ಅದಾರ," ಎಂದು ನಾನೂ ಬಿಡುತ್ತಿರಲಿಲ್ಲ. ನಮ್ಮವರು ಚಂದವಿದ್ದರೋ ಇಲ್ಲವೋ, ನಾನಂತೂ ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿ ಓಡಿ ಸಣ್ಣಗಾದೆ.

ಹೀಗೇ ಸಾಗುತ್ತಿದ್ದಾಗ, ತೊಂಬತ್ತರ ಆಸುಪಾಸಿನಲ್ಲಿ, ಆ ಹೊಸ ಮಿಷನ್ನು ಬಂತು. ಅದನ್ನು ತರಿಸಿದವರು ಮೈಸೂರು ಕಡೆಯ ಒಬ್ಬ ಹೊಸ ಇಂಜಿನಿಯರು. ಒಳ್ಳೆಯ ಹುಡುಗ, ಯಾರನ್ನೂ ಏಕವಚನದಲ್ಲಿ ಮಾತಾಡಿಸುತ್ತಿರಲಿಲ್ಲ. ಬೂದು ಬಣ್ಣದ ಪೆಟ್ಟಿಗೆ, ಪಕ್ಕದಲ್ಲಿ ಕಾಗದದ ಸುರುಳಿ. ಎಲ್ಲಾ ರಿಲೇಗಳಿಂದಲೂ ಅದಕ್ಕೊಂದೊಂದು ವೈರು. ರೆಪ್ಪೆ ಬಡಿಯದೆ ಎಲ್ಲವನ್ನೂ ನೋಡುತ್ತಿರುತ್ತದೆ, ಯಾವುದು ಯಾವಾಗ ಕೆಟ್ಟಿತು, ಯಾವಾಗ ಸರಿಯಾಯಿತು ಎಂದು ಸೆಕೆಂಡು ಸಮೇತ ತಾನೇ ಅಚ್ಚು ಹೊಡೆಯುತ್ತದೆ ಎಂದು ಆ ಇಂಜಿನಿಯರು ಎಲ್ಲರಿಗೂ ವಿವರಿಸಿದರಂತೆ. ಆಪರೇಟರುಗಳು ಅದಕ್ಕೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಕಾಯಿ ಒಡೆದರು. ಕಾಯಿಯ ನೀರು ಕಾಗದಕ್ಕೆ ಸಿಡಿದು ಮೊದಲನೇ ದಿನವೇ ಸುರುಳಿ ಅಂಟಿಕೊಂಡು ಕೂತಿತು. ಇಂಜಿನಿಯರು ತಲೆ ತಲೆ ಚಚ್ಚಿಕೊಂಡರು.

ಇದನ್ನೆಲ್ಲ ಇವರು ಮನೆಗೆ ಬಂದು ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ. "ಗುಂಡಿ ಒತ್ತಿದ್ದನ್ನೂ ಬರೀತೈತೇನು ಅದು?" ಎಂದು ಕೇಳಿದೆ.

ಮಾತನ್ನೆಲ್ಲ ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದ ಅವರು ನನ್ನ ತುಟಿಯನ್ನೇ ನೋಡಿದರು. ನಗು ಇಳಿಯಿತು. "ಹೂಂ. ಅಲಾರಂ ಬಂದಿದ್ದೂ ಬರೀತೈತಿ, ಅಕ್ಸೆಪ್ಟ್ ಒತ್ತಿದ್ದೂ ಬರೀತೈತಿ."

ಮೊದಲು ಪುಸ್ತಕ ಬರೆಯುತ್ತಿದ್ದವರು ಇವರೇ. ಗುಂಡಿ ಒತ್ತಿದ ಹೊತ್ತನ್ನೇ ಅಲಾರಂ ಬಂದ ಹೊತ್ತೆಂದು ಬರೆದರೆ ಮುಗಿಯುತ್ತಿತ್ತು. ಈಗ ಎರಡರ ನಡುವಿನ ಹೊತ್ತು ಕಾಗದದ ಮೇಲೆ ಬೀಳತೊಡಗಿತು. ಆ ಹೊತ್ತೆಂದರೆ ಯಾವುದು? ನಾನು ಹಂಚು ಇಳಿಸಿ, ಕೈ ಒರೆಸಿಕೊಂಡು, ಗೇಟಿಗೆ ಓಡಿ, ಅವರು ತಿರುಗಿ ನೋಡುವ ಹೊತ್ತು. ನನ್ನ ಅಡುಗೆಮನೆಯೇ ಆ ಸುರುಳಿಯ ಮೇಲೆ ಅಚ್ಚಾಗುತ್ತಿತ್ತು. ಆ ಪೆಟ್ಟಿಗೆಯನ್ನು ನಾನು ಶಪಿಸಿದಷ್ಟು ಯಾರನ್ನೂ ಶಪಿಸಿಲ್ಲ.

ಸ್ವಲ್ಪ ದಿನಕ್ಕೆ ಇಂಜಿನಿಯರು ಇವರನ್ನು ಕರೆದು, "ನಿಮ್ಮ ಪಾಳೀಲಿ ಮಾತ್ರ ಅಕ್ಸೆಪ್ಟ್ ಯಾಕೆ ಇಷ್ಟು ತಡ ಆಗ್ತಿದೆ?" ಎಂದು ಕೇಳಿದರು. ಯಾರ್ಡಿನಲ್ಲಿದ್ದೆ ಎಂದು ಇವರು ಹೇಳಿ ಬಂದರು. ಆವತ್ತಿನಿಂದ ನಾನು ಹಿತ್ತಲಲ್ಲೇ ಒಲೆ ಹೂಡಿದೆ. ಸ್ನಾನಕ್ಕೆ ಹೋಗಲು ಹೆದರಿಕೆ. ತವರಿಗೆ ಹೋಗುವುದಂತೂ ಕನಸೇ. ಕಂಪ್ಲಿಯಿಂದ ತಮ್ಮ ಕರೆಯಲು ಬಂದರೆ, "ಈಗ ಆಗಂಗಿಲ್ಲಪ್ಪಾ," ಎಂದು ಬಾಳೆಹಣ್ಣಿನ ಗೊನೆ ಇಳಿಸಿಕೊಂಡು ಅವನನ್ನು ಹಾಗೇ ಕಳಿಸಿದೆ. ಲಾರಿಯ ಹಾರನ್ ಕೇಳಿದರೂ ತಲೆಯ ಮೇಲೆ ಸೆರಗು ಎಳೆದುಕೊಳ್ಳುವಂತಾದೆ.

ಇಂಥದರಲ್ಲಿ ಒಂದು ಸಂಜೆ ಕಮಲಾಪುರದ ಆಪರೇಟರ್ ಒಬ್ಬ ಮನೆಗೆ ಬಂದ. ಇವರ ನಂತರದ ಪಾಳಿ ಅವನದು. ಇವರನ್ನು ಅಣ್ಣಾ ಎನ್ನುತ್ತಿದ್ದ, ನನ್ನನ್ನು ಅಕ್ಕಾ ಎನ್ನುತ್ತಿದ್ದ. ಇವರು ಅಂಗಡಿಗೆ ಹೋಗಿದ್ದರು. ಚಾ ಕೊಟ್ಟೆ. ಬಸಿಯಲ್ಲಿ ಹಾಕಿಕೊಂಡು ಊದುತ್ತಾ ಹೇಳಿದ:

"ಅಕ್ಕಾ, ಇನ್ನ ಮುಂದ ನೀವು ಹಂಗ ಓಡಬ್ಯಾಡ್ರಿ. ನಾವು ಎಲ್ಲಾರೂ ಮಾತಾಡಿಕೊಂಡೀವಿ."

"ಏನಂತ?"

"ನಾವೂ ತಡಾ ಮಾಡಿ ಒತ್ತೂದು ಅಂತ. ಹೂಟರ್ ಹೊಡಕೊಂಡ್ರ ಹೊಡಕೊಳ್ಳಲಿ. ಆರಾಮ ಎದ್ದು ಹೋಗಿ ಒತ್ತೂದು. ಎಲ್ಲಾರದೂ ಒಂದೇ ನಮೂನಿ ಆದ್ರ ಅಣ್ಣಂದು ಯಾರ್ ಕಣ್ಣಿಗೆ ಬೀಳತೈತಿ?"

"ನಿಮಗ ಗೊತ್ತಿತ್ತೇನಪ್ಪಾ?"

"ಏ ಅಕ್ಕಾ, ಭಾಳ ಹಿಂದಿಂದ ಗೊತ್ತೈತಿ. ನೀವು ಅಷ್ಟು ಬಂದೋಬಸ್ತ್ ಮಾಡಿದ್ರಲ್ಲಾ, ಅದನ್ಯಾಕ ಕೆಡಸೂದು ಅಂತ ಸುಮ್ನಿದ್ವಿ." ಆಮೇಲೆ ದನಿ ತಗ್ಗಿಸಿ, "ಅಣ್ಣಗ ಹೇಳಬ್ಯಾಡ್ರಿ ಮತ್ತ. ಒಪ್ಪಂಗಿಲ್ಲ ಆ ಮನಷ್ಯಾ," ಎಂದ.

ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ನಕ್ಕೆ, ಅತ್ತೆ, ಮತ್ತೆ ನಕ್ಕೆ. ಬೇರೆ ಬೇರೆ ಊರಿನಿಂದ ಬಂದು, ನೀರಿಗೆ, ರಜೆಗೆ, ಪಾಳಿಗೆ ದಿನಾ ಕಚ್ಚಾಡುವ ಜನ. ಒಂದು ಜೀವಕ್ಕಾಗಿ ಒಟ್ಟಾಗಿ ಸೋಮಾರಿಗಳಾಗಲು ಹೊರಟಿದ್ದರು. ನಾನು ಇವರಿಗೆ ಹೇಳಲಿಲ್ಲ. ಅವರಿಗೆ ಏನು ತಿಳಿಯಬೇಕು, ಏನು ತಿಳಿಯಬಾರದು ಎಂಬುದು ಅಷ್ಟು ಹೊತ್ತಿಗೆ ನನ್ನ ತುಟಿಯ ಕೈಯಲ್ಲಿತ್ತು.

ಉಪಾಯ ಫಲಿಸಿತು. ಸುರುಳಿಯಲ್ಲಿ ಎಲ್ಲರ ಹೊತ್ತೂ ಒಂದೇ ಆಯಿತು. ಪಾಪ, ಇಂಜಿನಿಯರು ಒಳ್ಳೆಯವರು, ಜನರ ಮೇಲೆ ಅನುಮಾನಪಡಲಿಲ್ಲ. ಹೂಟರಿನ ಸದ್ದೇ ಸಾಲದೇನೋ ಎಂದುಕೊಂಡು ಇನ್ನೂ ದೊಡ್ಡದೊಂದನ್ನು ತರಿಸಿದರು! ಅದರ ಕೂಗಿಗೆ ತೊಟ್ಟಿಲ ಕೂಸುಗಳೆಲ್ಲ ಬೆಚ್ಚಿ ಅಳುತ್ತಿದ್ದವು, ನಾಯಿಗಳು ಊಳಿಡುತ್ತಿದ್ದವು. ಕ್ರಷರಿನ ಮೋಟಾರು ಶುರುವಾದಾಗೆಲ್ಲ ವೋಲ್ಟೇಜು ಕುಸಿದು ಅಲಾರಂ ಬರುವುದು ಅಲ್ಲಿ ಮಾಮೂಲು. ಅದು ತಾನಾಗಿ ಸರಿಹೋಗುವುದೂ ಮಾಮೂಲು. ಹೂಟರ್ ಬಡಿದುಕೊಳ್ಳುತ್ತಿದ್ದರೆ ಆಪರೇಟರುಗಳು ಬೆನ್ನು ತಿರುಗಿಸಿ ಚಾ ಕುಡಿಯುತ್ತಾ ಕೂತಿರುತ್ತಿದ್ದರು. ಯಾವ ಕಿಟಕಿಯಲ್ಲಿ ದೀಪ ಬಂದಿದೆ ಎಂದು ತಿರುಗಿ ನೋಡುವ ಅಭ್ಯಾಸವೂ ಮೆಲ್ಲಗೆ ತಪ್ಪಿತು. ನಾನು ಮಾತ್ರ ನಿಶ್ಚಿಂತೆಯಾಗಿ ತಲೆಗೆ ಸ್ನಾನ ಮಾಡಿದೆ.

ಆ ದಿನ ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತು. ಕಮಲಾಪುರದವನು ಬಂದು ಚಾರ್ಜು ತೆಗೆದುಕೊಂಡಿದ್ದ. ಇವರು ಹೊರಡುವ ಮುಂಚೆ ಕೊನೆಯದಾಗಿ ಎಣ್ಣೆಯ ಮಟ್ಟ ನೋಡಿಬರಲು ಟ್ರಾನ್ಸ್‌ಫಾರ್ಮರಿನ ಹತ್ತಿರ ಹೋಗಿದ್ದರು. ನಾನು ಊಟಕ್ಕೆ ಕರೆಯಲು ಗೇಟಿನಲ್ಲಿ ನಿಂತಿದ್ದೆ. ಹೂಟರ್ ಕೂಗಿತು. ಅಭ್ಯಾಸಬಲದಿಂದ ಸೆರಗು ತಲೆಗೆ ಹೋಯಿತು. ಇವರ ಬೆನ್ನು ನನ್ನ ಕಡೆಗಿತ್ತು. ಕಂಟ್ರೋಲ್ ರೂಮಿನ ಕಿಟಕಿಯಲ್ಲಿ ನೋಡಿದರೆ, ಆ ಪುಣ್ಯಾತ್ಮ ಪ್ಯಾನೆಲಿಗೆ ಬೆನ್ನು ಕೊಟ್ಟು, ಬಸಿ ಊದುತ್ತಾ ಕೂತಿದ್ದಾನೆ.

ಹೂಟರ್ ನಿಲ್ಲಲಿಲ್ಲ. ಅದರ ಕೆಳಗೆ ಇನ್ನೊಂದು ಸದ್ದು ಕೇಳಿಸಿತು. ದೊಡ್ಡ ಹಂಡೆಯಲ್ಲಿ ನೀರು ಮರಳುವಂಥ ಗುಳುಗುಳು ಸದ್ದು. ಟ್ರಾನ್ಸ್‌ಫಾರ್ಮರಿನಿಂದಲೇ ಬರುತ್ತಿತ್ತು. ಅದರ ನೆತ್ತಿಯ ಪೈಪಿನಲ್ಲಿ ಒಂದು ತೇಲುವ ಬುರುಡೆ ಇರುತ್ತದೆ, ಎಣ್ಣೆಯೊಳಗೆ ಏನಾದರೂ ಸುಟ್ಟು ಗ್ಯಾಸ್ ಎದ್ದರೆ ಅದು ಕೆಳಗಿಳಿದು ಅಲಾರಂ ಕೊಡುತ್ತದೆ, ಆ ಅಲಾರಂ ಬಂದರೆ ಹತ್ತಿರ ಯಾರೂ ನಿಲ್ಲಬಾರದು ಎಂದು ನನಗೆ ಹೇಳಿಕೊಟ್ಟವರು ಇವರೇ. ಈಗ ಅದರ ಬುಡದಲ್ಲೇ ಬಗ್ಗಿ, ಗಾಜಿನಲ್ಲಿ ಎಣ್ಣೆ ನೋಡುತ್ತಾ ನಿಂತಿದ್ದರು.

ಯಾರ್ಡಿನೊಳಗೆ ಹೆಂಗಸರು ಕಾಲಿಡುವ ಹಾಗಿರಲಿಲ್ಲ. ಹಾಳಾಗಿ ಹೋಗಲಿ ಅವರ ಕಾನೂನು! ಗೇಟು ನೂಕಿ ಜಲ್ಲಿಕಲ್ಲಿನ ಮೇಲೆ ಬರಿಗಾಲಲ್ಲಿ ಓಡಿದೆ. ಕೂಗಿದರೆ ಏನು ಫಲ? ಹಿಂದಿನಿಂದ ಹೋಗಿ ಅಂಗಿಯ ಕಾಲರ್ ಹಿಡಿದು ಎಳೆದೆ. ಅವರು ಸಿಟ್ಟಿನಿಂದ ತಿರುಗಿದರು, ನನ್ನ ಮುಖ ನೋಡಿ ಸುಮ್ಮನೆ ಜೊತೆಗೆ ಓಡಿದರು. ಬೇಲಿ ಮುಟ್ಟುವಷ್ಟರಲ್ಲಿ ಹಿಂದೆ ಢಮ್ಮೆಂದಿತು. ಟ್ರಾನ್ಸ್‌ಫಾರ್ಮರಿನ ಪೈಪಿನ ಮುಚ್ಚಳ ಒಡೆದು ಕುದಿಯುವ ಎಣ್ಣೆ ಕಾರಂಜಿಯಾಗಿ ಚಿಮ್ಮಿ, ಅವರು ನಿಂತಿದ್ದ ಜಾಗದಲ್ಲಿ ಸುರಿಯಿತು. ಅದೇ ಕ್ಷಣಕ್ಕೆ ಕರೆಂಟು ಕಡಿಯುವ ಬ್ರೇಕರು ತಾನಾಗಿ ಬಿದ್ದು ಕ್ರಷರು, ಪಂಪು ಎಲ್ಲವೂ ನಿಂತವು.

ಇಂಜಿನಿಯರು ಜೀಪಿನಲ್ಲಿ ಓಡಿಬಂದರು. ನಮ್ಮಿಬ್ಬರನ್ನು ಕಂಟ್ರೋಲ್ ರೂಮಿನ ಬೆಂಚಿನ ಮೇಲೆ ಕೂರಿಸಿ ನೀರು ಕೊಡಿಸಿದರು. ಆಮೇಲೆ ಪೆಟ್ಟಿಗೆಯಿಂದ ಕಾಗದ ಹರಿದು ಓದಿದರು.

"ಗ್ಯಾಸ್ ಅಲಾರಂ ಬಂದಿದೆ. ಎಷ್ಟೋ ಹೊತ್ತಾದ ಮೇಲೆ ಟ್ರಿಪ್ ಆಗಿದೆ. ಮಧ್ಯದಲ್ಲಿ ಅಕ್ಸೆಪ್ಟೇ ಇಲ್ಲ. ನೀವು ಇಲ್ಲೇ ಕೂತಿದ್ರಲ್ರೀ! ಯಾಕೆ ಒತ್ತಲಿಲ್ಲ?"

ಕಮಲಾಪುರದವನು ನೆಲ ನೋಡುತ್ತಾ ನಿಂತಿದ್ದ. ಬಾಯಿ ಬಿಡಲಿಲ್ಲ.

"ಒಬ್ಬ ಮನುಷ್ಯ ಸಾಯ್ತಿದ್ದ. ಇದನ್ನ ಮುಚ್ಚಿಡೋಕೆ ನನ್ನಿಂದ ಆಗಲ್ಲ. ನಾಳೆಯಿಂದ ನೀವು ಡ್ಯೂಟಿಗೆ ಬರಬೇಡಿ."

ಬಾಗಿಲಲ್ಲಿ ಉಳಿದ ಆಪರೇಟರುಗಳೂ ಗುಂಪುಗೂಡಿದ್ದರು. ಅವನ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ! ನನ್ನ ಗಂಡನನ್ನು ಕೊಲ್ಲುತ್ತಿದ್ದೆಯಲ್ಲೋ ಎಂದು ಕಪಾಳಕ್ಕೆ ಬಾರಿಸಬೇಕೆನಿಸಿತು. ಆದರೆ ಅವನು ಈಗಲೂ ಬಾಯಿ ಮುಚ್ಚಿಕೊಂಡು ನಿಂತಿದ್ದುದು ನನ್ನ ಗಂಡನಿಗಾಗಿಯೇ.

ಇವರು ಎಲ್ಲರ ಬಾಯಿಯನ್ನೂ ನೋಡುತ್ತಿದ್ದರು. ಅಷ್ಟು ಜನ, ಅಷ್ಟು ಗಾಬರಿ, ಒಂದು ಮಾತೂ ಹಿಡಿಯಲಾಗಲಿಲ್ಲ. ಎಂದಿನಂತೆ ನನ್ನ ಕಡೆ ತಿರುಗಿದರು. "ಏನಂತಾರ?"

ಏನೂ ಇಲ್ಲ, ಮನೆಗೆ ಹೋಗಿ ಮಲಗಿ ಅಂತಾರ, ಎಂದರೆ ಸಾಕಿತ್ತು. ಅವರು ನಂಬುತ್ತಿದ್ದರು, ಎದ್ದು ಬರುತ್ತಿದ್ದರು. ಅವನ ನೌಕರಿ ಹೋಗುತ್ತಿತ್ತು, ನಮ್ಮದು ಉಳಿಯುತ್ತಿತ್ತು. ಅಲ್ಲಿದ್ದ ಯಾರೂ ನನ್ನನ್ನು ಬಯ್ಯುತ್ತಿರಲಿಲ್ಲ. ನಾನು ಅವರ ಗಲ್ಲ ಹಿಡಿದು ನನ್ನ ಮುಖಕ್ಕೆ ತಿರುಗಿಸಿಕೊಂಡೆ. ದನಿಯಿಲ್ಲದೆ, ಬರೀ ತುಟಿಯಲ್ಲಿ, ಎಲ್ಲವನ್ನೂ ಹೇಳಿದೆ. ಅವರೆಲ್ಲ ಮಾತಾಡಿಕೊಂಡದ್ದು, ಬೇಕೆಂದೇ ತಡಮಾಡಿದ್ದು, ಇವತ್ತು ಅವನನ್ನು ಮನೆಗೆ ಕಳಿಸುತ್ತಿರುವುದು. ಇಡೀ ಕೋಣೆ ನಮ್ಮನ್ನೇ ನೋಡುತ್ತಿತ್ತು.

ಅವರು ಎದ್ದು ನಿಂತರು.

"ಸಾಹೇಬ್ರ, ನನಗ ಕಿವಿ ಕೇಳಂಗಿಲ್ರಿ," ಎಂದರು, ಗೋಡೆ ಅದುರುವ ದನಿಯಲ್ಲಿ. "ನನ್ನ ಸಲುವಾಗಿ ಇವ್ರೆಲ್ಲಾ ಕಿವುಡ್ರಾಗ್ಯಾರ್ರಿ. ಅವನ್ನ ಬಿಡ್ರಿ."

ಇಂಜಿನಿಯರು ಅವರನ್ನು ನೋಡಿದರು, ನನ್ನನ್ನು ನೋಡಿದರು. ಅವರ ಕಣ್ಣು ನನ್ನ ಹೆಗಲ ಮೇಲಿನ ಸೆರಗಿನಲ್ಲಿ ನಿಂತಿತು. ಕಾಗದವನ್ನು ಮಡಿಚಿ ಕಿಸೆಯಲ್ಲಿಟ್ಟುಕೊಂಡು, "ಇನ್ನು ಪ್ಯಾನೆಲ್ ಮುಂದೆ ಇವರನ್ನ ಕೂರಿಸೋಕೆ ಆಗಲ್ಲಮ್ಮ. ನೀವೇ ಹೇಳಿ ಅವರಿಗೆ," ಎಂದರು.

ಅದನ್ನೂ ನಾನೇ ಹೇಳಿದೆ. ಮೊದಲನೆಯದಕ್ಕಿಂತ ಇದು ಕಷ್ಟವಾಯಿತು.

ಕಮಲಾಪುರದವನಿಗೆ ಒಂದು ವಾರ್ನಿಂಗು ಕೊಟ್ಟು ಉಳಿಸಿಕೊಂಡರು. ಇವರನ್ನು ಸ್ಟೋರಿಗೆ ಹಾಕಿದರು. ನಟ್ಟು, ಬೋಲ್ಟು, ಹಳೇ ರಿಲೇಗಳ ನಡುವೆ ಕೆಲಸ. ಪಾಳಿಯಿಲ್ಲ, ಪ್ಯಾನೆಲಿಲ್ಲ. ಇಷ್ಟು ವರ್ಷದ ಆಪರೇಟರನ್ನು ಮೊಳೆ ಎಣಿಸಲು ಕೂರಿಸಿದರಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಅವತ್ತು ಸುಮ್ಮನಿರಬೇಕಾಗಿತ್ತು ಎಂದು ಮನಸ್ಸು ಒಂದೊಂದು ಸಲ ಚುಚ್ಚುತ್ತಿತ್ತು.

ಮೊದಲನೇ ದಿನ ಸ್ಟೋರಿನಿಂದ ಬಂದು, ಕೈಕಾಲು ತೊಳೆದು, ತಟ್ಟೆಯ ಮುಂದೆ ಕೂತು ಹೇಳಿದರು: "ಈಗ ಭಾಳ ಶಾಂತ ಐತಿ."

"ನಿಮಗೇನ್ ಗೊತ್ತಾಗತೈತಿ ಶಾಂತ ಇದ್ರ?" ಎಂದು ರೇಗಿದೆ.

"ನಿನ್ನ ಮಾರಿ ನೋಡಿ ಹೇಳಾಕತ್ತೀನಿ," ಎಂದರು. "ಉಣ್ಣಾಗ ಬೆಚ್ಚಿ ಬೀಳ್ತಿತ್ತು ಅದು. ಇವತ್ತು ಬೀಳಲಿಲ್ಲ."

ನಾನು ಒಲೆಯ ಕಡೆ ತಿರುಗಿ ಬಾಯಿಗೆ ಬಂದದ್ದೆಲ್ಲ ಬೈದೆ. ಬೆನ್ನು ತಿರುಗಿಸಿ ಬೈದರೆ ಅವರಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಅದಕ್ಕೇ ತಿರುಗಿದ್ದು.